ಕೆಂಪು ರಾಟವಾಳ ಮತ್ತು ಹಸಿರು ರಾಟವಾಳ: ಹೋಲಿಕೆ ಮತ್ತು ಸಂರಕ್ಷಣಾ ಸ್ಥಿತಿ

ಕೆಂಪು ರಾಟವಾಳ (ವೈಜ್ಞಾನಿಕ ಹೆಸರು: ಅಮಂಡಾವ ಅಮಂಡಾವ) ಮತ್ತು ಹಸಿರು ರಾಟವಾಳ (ವೈಜ್ಞಾನಿಕ ಹೆಸರು: ಅಮಂಡಾವ ಫಾರ್ಮೋಸ) ಒಂದೇ ಕುಲಕ್ಕೆ ಸೇರಿದ, ಗುಬ್ಬಚ್ಚಿಗಿಂತಲೂ ಚಿಕ್ಕದಾದ ಎರಡು ಕಾಳುಭಕ್ಷಕ ಹಕ್ಕಿಗಳು. ಇವುಗಳನ್ನು ಕೆಂಪು ಮುನಿಯ ಮತ್ತು ಹಸಿರು ಮುನಿಯ ಎಂದೂ ಕರೆಯುತ್ತಾರೆ. ಗಾತ್ರ, ಆಹಾರ, ಗುಂಪಾಗಿ ಬದುಕುವ ರೀತಿ ಇವೆಲ್ಲವುಗಳಲ್ಲಿ ಎರಡಕ್ಕೂ ಹತ್ತಿರದ ಸಾಮ್ಯವಿದೆ. ಎರಡನ್ನೂ ಶತಮಾನಗಳಿಂದ ಬಲೆ ಹಾಕಿ ಹಿಡಿದು ಪಂಜರದ ಹಕ್ಕಿಗಳಾಗಿ ಮಾರಲಾಗಿದೆ. ಆದರೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಕೆಂಪು ರಾಟವಾಳವು ‘ಕಡಿಮೆ ಕಾಳಜಿಯ’ ವರ್ಗದಲ್ಲಿದ್ದರೆ, ಹಸಿರು ರಾಟವಾಳವು ‘ಅಪಾಯಕ್ಕೊಳಗಾಗಬಲ್ಲ’ ವರ್ಗದಲ್ಲಿದೆ. ಒಂದೇ ಬಗೆಯ ಒತ್ತಡಕ್ಕೆ ಸಿಲುಕಿದ ಎರಡು ಸೋದರ ಪ್ರಭೇದಗಳ ಗತಿ ಹೇಗೆ ಬೇರೆಬೇರೆಯಾಗಬಲ್ಲದು ಎಂಬುದಕ್ಕೆ ಇವು ಉತ್ತಮ ನಿದರ್ಶನಗಳಾಗಿವೆ.

ಹೆಸರು ಮತ್ತು ವರ್ಗೀಕರಣ

ಕನ್ನಡದಲ್ಲಿ ರಾಟವಾಳ ಎಂಬುದು ಈ ಬಗೆಯ ಚಿಕ್ಕ ಹಕ್ಕಿಗಳಿಗೆಲ್ಲ ಸಾಮಾನ್ಯವಾಗಿ ಬಳಕೆಯಲ್ಲಿರುವ ಹೆಸರು. ಚುಕ್ಕೆ ರಾಟವಾಳ, ಬಿಳಿ ಬೆನ್ನಿನ ರಾಟವಾಳ ಮುಂತಾದವು ಕರ್ನಾಟಕದ ಹೊಲಗದ್ದೆಗಳಲ್ಲಿ ಪರಿಚಿತ ಹಕ್ಕಿಗಳು. ಇಂಗ್ಲಿಷಿನಲ್ಲಿ ಕೆಂಪು ಮತ್ತು ಹಸಿರು ರಾಟವಾಳಗಳಿಗೆ ‘ಅವಡವಟ್’ ಎಂಬ ಹೆಸರಿದೆ. ಈ ಹೆಸರೂ ‘ಅಮಂಡಾವ’ ಎಂಬ ಕುಲನಾಮವೂ ಗುಜರಾತಿನ ಅಹಮದಾಬಾದ್ ನಗರದ ಹೆಸರಿನ ಅಪಭ್ರಂಶಗಳು. ಹಿಂದಿನ ಕಾಲದಲ್ಲಿ ಈ ಹಕ್ಕಿಗಳು ಆ ನಗರದಿಂದ ಹೊರದೇಶಗಳಿಗೆ ರಫ್ತಾಗುತ್ತಿದ್ದುದರಿಂದ, ಹೊರಟ ಊರಿನ ಹೆಸರೇ ಹಕ್ಕಿಗೆ ಅಂಟಿಕೊಂಡಿತು. ಹೀಗೆ ವ್ಯಾಪಾರದ ಗುರುತು ಇವುಗಳ ವೈಜ್ಞಾನಿಕ ಹೆಸರಿನಲ್ಲಿಯೇ ಉಳಿದುಬಂದಿದೆ.

ಕೆಂಪು ರಾಟವಾಳವನ್ನು 1758ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಹೆಸರಿಸಿ ವಿವರಿಸಿದನು. ಆತ ಇದನ್ನು ‘ಫ್ರಿಂಜಿಲ’ ಎಂಬ ಫಿಂಚ್ ಹಕ್ಕಿಗಳ ಕುಲದಲ್ಲಿ ಇರಿಸಿದ್ದನು. ಹಸಿರು ರಾಟವಾಳವನ್ನು 1790ರಲ್ಲಿ ಇಂಗ್ಲೆಂಡಿನ ಜಾನ್ ಲೇಥಮ್ ವಿವರಿಸಿದನು. ‘ಫಾರ್ಮೋಸ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಸುಂದರವಾದ’ ಎಂದರ್ಥ. ಇಂದಿನ ವರ್ಗೀಕರಣದ ಪ್ರಕಾರ ಇವೆರಡೂ ‘ಎಸ್ಟ್ರಿಲ್ಡಿಡೇ’ ಕುಟುಂಬದವು. ಯೂರೋಪಿನ ಚಾಫಿಂಚ್ ಮೊದಲಾದ ಫಿಂಚ್‌ಗಳು ‘ಫ್ರಿಂಜಿಲಿಡೇ’ ಎಂಬ ಬೇರೊಂದು ಕುಟುಂಬಕ್ಕೆ ಸೇರಿವೆ. ಆದ್ದರಿಂದ ರಾಟವಾಳಗಳನ್ನು ಫಿಂಚ್ ಎಂದು ಕರೆಯುವುದು ರೂಢಿಯ ಮಾತಷ್ಟೇ. ಮೋಟು ಶಂಕುವಿನಾಕಾರದ, ಕಾಳು ಒಡೆಯಲು ತಕ್ಕ ಕೊಕ್ಕು ಎರಡೂ ಕುಟುಂಬಗಳಲ್ಲಿ ಇರುವುದರಿಂದ ಈ ರೂಢಿ ಬಂದಿದೆ. ಅಮಂಡಾವ ಕುಲದಲ್ಲಿ ಸಾಮಾನ್ಯವಾಗಿ ಮೂರು ಪ್ರಭೇದಗಳನ್ನು ಗುರುತಿಸುತ್ತಾರೆ. ಮೂರನೆಯದು ಆಫ್ರಿಕಾದಲ್ಲಿದೆ. ಏಷ್ಯಾದಲ್ಲಿರುವವು ಕೆಂಪು ಮತ್ತು ಹಸಿರು ರಾಟವಾಳಗಳು ಮಾತ್ರ.

ಗುರುತಿಸುವಿಕೆ

ಎರಡೂ ಹಕ್ಕಿಗಳು ಸುಮಾರು 10 ಸೆಂಟಿಮೀಟರ್ ಉದ್ದವಿರುತ್ತವೆ. ಸಂತಾನ ಕಾಲದಲ್ಲಿ ಗಂಡು ಕೆಂಪು ರಾಟವಾಳದ ಮೈಯೆಲ್ಲ ಕಡುಗೆಂಪಾಗಿ, ಅದರ ಮೇಲೆ ಬಿಳಿಯ ಚುಕ್ಕೆಗಳು ಹರಡಿಕೊಂಡಿರುತ್ತವೆ. ಈ ಚುಕ್ಕೆಗಳ ಕಾರಣದಿಂದ ಪಾಶ್ಚಾತ್ಯ ಪಕ್ಷಿಸಾಕಣೆಗಾರರು ಇದನ್ನು ಸ್ಟ್ರಾಬೆರಿ ಫಿಂಚ್ ಎಂದೂ ಕರೆದರು. ಸಂತಾನ ಕಾಲ ಮುಗಿದ ಮೇಲೆ ಗಂಡು ಈ ಕೆಂಪನ್ನು ಕಳೆದುಕೊಂಡು ಹೆಣ್ಣಿನಂತೆಯೇ ಮಾಸಲು ಕಂದು ಬಣ್ಣಕ್ಕೆ ತಿರುಗುತ್ತದೆ. ಎಸ್ಟ್ರಿಲ್ಡಿಡೇ ಕುಟುಂಬದ ಹಕ್ಕಿಗಳಲ್ಲಿ ಋತುಮಾನಕ್ಕೆ ತಕ್ಕಂತೆ ಹೀಗೆ ಪುಕ್ಕದ ಬಣ್ಣ ಬದಲಾಗುವುದು ಅಪರೂಪ. ಕೊಕ್ಕಿನ ಬಣ್ಣವೂ ವರ್ಷದ ಚಕ್ರದಲ್ಲಿ ಕಪ್ಪು ಮತ್ತು ಕೆಂಪುಗಳ ನಡುವೆ ಬದಲಾಗುತ್ತಿರುತ್ತದೆ. ಹೆಣ್ಣಿನ ಮೈ ಕಂದು, ಬಾಲದ ಬುಡ ಕೆಂಪು.

ಹಸಿರು ರಾಟವಾಳದ ಬೆನ್ನು ಎಳೆ ಹಸಿರು, ಹೊಟ್ಟೆ ಹಳದಿ, ಕೊಕ್ಕು ಹೊಳೆಯುವ ಕೆಂಪು. ಪಕ್ಕೆಗಳ ಮೇಲಿರುವ ಕಪ್ಪು ಬಿಳುಪಿನ ಅಡ್ಡಪಟ್ಟೆಗಳು ಇದರ ಖಚಿತ ಗುರುತು. ಬೇರಾವ ರಾಟವಾಳಕ್ಕೂ ಇಂಥ ಬಣ್ಣದ ಜೋಡಣೆ ಇಲ್ಲ. ಹೆಣ್ಣಿನ ಬಣ್ಣ ಗಂಡಿಗಿಂತ ಮಾಸಲು.

ವ್ಯಾಪ್ತಿ ಮತ್ತು ನೆಲೆ

ಕೆಂಪು ರಾಟವಾಳದ ಸಹಜ ವ್ಯಾಪ್ತಿ ಬಹಳ ವಿಶಾಲವಾದುದು. ಪಾಕಿಸ್ತಾನ, ಭಾರತ, ನೇಪಾಳ, ಬಾಂಗ್ಲಾದೇಶಗಳಿಂದ ಮೊದಲುಗೊಂಡು ಮ್ಯಾನ್ಮಾರ್, ದಕ್ಷಿಣ ಚೀನಾ, ಇಂಡೋಚೀನಾ, ಜಾವಾ, ಬಾಲಿ ಮತ್ತು ಕಿರು ಸುಂದಾ ದ್ವೀಪಗಳವರೆಗೆ ಇದು ಹರಡಿದೆ. ನೀರಿನ ಬಳಿಯ ಎತ್ತರದ ಹುಲ್ಲು, ಜೊಂಡು, ಕಬ್ಬಿನ ಗದ್ದೆ, ಕೆರೆಯಂಚಿನ ಪೊದೆ ಇದರ ವಾಸಸ್ಥಾನಗಳು. ಇವಲ್ಲದೆ ಪಂಜರದಿಂದ ತಪ್ಪಿಸಿಕೊಂಡ ಅಥವಾ ಬಿಟ್ಟ ಹಕ್ಕಿಗಳಿಂದ ಸ್ಪೇನ್, ಪೋರ್ಚುಗಲ್, ಇಟಲಿ, ಈಜಿಪ್ಟ್, ಫಿಜಿ, ಜಪಾನ್, ಹವಾಯಿ, ರೀಯೂನಿಯನ್ ಮೊದಲಾದೆಡೆ ಇದರ ಸಂತತಿ ಬೆಳೆದಿದೆ. ಸ್ಪೇನಿನ ಗ್ವಾಡಿಯಾನ ನದಿಯ ಕಣಿವೆಯಲ್ಲಿ 20ನೆಯ ಶತಮಾನದ ಕೊನೆಯ ಭಾಗದಿಂದ ಇದು ಜೊಂಡಿನ ನಡುವೆ ನೆಲೆಸಿ ಮರಿಮಾಡುತ್ತಿದೆ.

ಹಸಿರು ರಾಟವಾಳವಾದರೋ ಭಾರತಕ್ಕೆ ಸೀಮಿತವಾದ ಪ್ರಭೇದ. ದಕ್ಷಿಣ ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸಗಢ, ಮಹಾರಾಷ್ಟ್ರ, ಒಡಿಶಾ ಮತ್ತು ಆಂಧ್ರಪ್ರದೇಶದ ಉತ್ತರ ಭಾಗಗಳಲ್ಲಿ ಅಲ್ಲಲ್ಲಿ ಚದುರಿದ ತುಂಡು ನೆಲೆಗಳಲ್ಲಿ ಮಾತ್ರ ಕಂಡುಬರುತ್ತದೆ. ಒಂದು ನೆಲೆಯಿಂದ ಇನ್ನೊಂದಕ್ಕೆ ಬಹಳ ದೂರವಿದ್ದು, ನಡುವಿನ ಪ್ರದೇಶದಲ್ಲಿ ಹಕ್ಕಿ ಕಾಣುವುದಿಲ್ಲ. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ರಾಜಸ್ಥಾನದ ಅಬು ಪರ್ವತ. ಅರಾವಳಿ ಶ್ರೇಣಿಯ ಅತಿ ಎತ್ತರದ ಶಿಖರವಾದ ಗುರುಶಿಖರ (1,722 ಮೀಟರ್), ಅಚಲಗಢ, ಓರಿಯಾ ಗ್ರಾಮ ಮುಂತಾದ ಸ್ಥಳಗಳ ಸುತ್ತಲಿನ ಹೊಲದ ಬದು, ಪೊದೆ ಮತ್ತು ಹುಲ್ಲುಗಾವಲುಗಳಲ್ಲಿ ಇದರ ಗುಂಪುಗಳು ಕಾಣಸಿಗುತ್ತವೆ. ಪಾಕಿಸ್ತಾನದ ಲಾಹೋರಿನ ಬಳಿ ಪಂಜರದಿಂದ ತಪ್ಪಿಸಿಕೊಂಡ ಹಸಿರು ರಾಟವಾಳಗಳ ಒಂದು ಸಂತತಿ ಹಿಂದೊಮ್ಮೆ ಇತ್ತು. ಅದು ಈಗ ಉಳಿದಿಲ್ಲವೆಂದು ಭಾವಿಸಲಾಗಿದೆ. ಪಂಜರದಿಂದ ಹಾರಿಹೋದ ಕೆಂಪು ರಾಟವಾಳ ಖಂಡಾಂತರಗಳಲ್ಲಿ ಬೇರೂರಿತು. ಹಾಗೆಯೇ ಹಾರಿಹೋದ ಹಸಿರು ರಾಟವಾಳ ನೆರೆಯ ದೇಶದಲ್ಲಿಯೂ ಉಳಿಯಲಿಲ್ಲ. ಎರಡು ಪ್ರಭೇದಗಳ ಹೊಂದಿಕೊಳ್ಳುವ ಶಕ್ತಿಯಲ್ಲಿರುವ ಅಂತರವನ್ನು ಇದರಿಂದ ಊಹಿಸಬಹುದು.

ಆಹಾರ ಮತ್ತು ಸಂತಾನಾಭಿವೃದ್ಧಿ

ಹುಲ್ಲಿನ ಬೀಜವೇ ಎರಡೂ ಹಕ್ಕಿಗಳ ಮುಖ್ಯ ಆಹಾರ. ಗೆದ್ದಲಿನಂಥ ಕೀಟಗಳು ಸಿಕ್ಕಿದಾಗ ಕೆಂಪು ರಾಟವಾಳ ಅವನ್ನೂ ತಿನ್ನುತ್ತದೆ. ಸಂತಾನ ಕಾಲದ ಹೊರತಾಗಿ ಎರಡೂ ಗುಂಪುಗೂಡಿ ಮೇಯುತ್ತವೆ. ನೆಲಕ್ಕೆ ಹತ್ತಿರದಲ್ಲಿ, ಒತ್ತಾಗಿ, ಒಂದೇ ಜಾಗದಲ್ಲಿ ಇಳಿದು ಮೇಯುವ ಈ ಸ್ವಭಾವವೇ ಬಲೆಗಾರನಿಗೆ ಅನುಕೂಲವಾಗುತ್ತದೆ. ಒಂದು ಬಲೆಗೆ ಒಂದು ಗುಂಪೇ ಸಿಕ್ಕಿಬೀಳುವ ಸಂಭವವಿರುತ್ತದೆ.

ಕೆಂಪು ರಾಟವಾಳವು ಮುಖ್ಯವಾಗಿ ಮಳೆಗಾಲದಲ್ಲಿ ಮತ್ತು ಅದರ ನಂತರದ ತಿಂಗಳುಗಳಲ್ಲಿ, ಹುಲ್ಲು ಬೀಜಗಟ್ಟುವ ಹೊತ್ತಿಗೆ ಗೂಡು ಕಟ್ಟುತ್ತದೆ. ಹುಲ್ಲಿನ ಎಸಳುಗಳಿಂದ ಹೆಣೆದ ಗೂಡು ಉಂಡೆಯಾಕಾರದಲ್ಲಿದ್ದು, ಪಕ್ಕದಲ್ಲಿ ಬಾಗಿಲಿರುತ್ತದೆ. ಒಂದು ಸೂಲಿಗೆ ಸಾಮಾನ್ಯವಾಗಿ 5 ಅಥವಾ 6 ಬಿಳಿಯ ಮೊಟ್ಟೆಗಳಿರುತ್ತವೆ. ಹಸಿರು ರಾಟವಾಳದ ಸಂತಾನ ಕಾಲ ಮುಖ್ಯವಾಗಿ ಅಕ್ಟೋಬರ್‌ನಿಂದ ಜನವರಿಯವರೆಗೆ ಎಂದು ದಾಖಲಾಗಿದೆ. ಜುಲೈ ತಿಂಗಳಲ್ಲಿಯೂ ಗೂಡುಗಳು ಕಂಡುಬಂದಿರುವ ವರದಿಗಳಿವೆ. ಇದು ಎತ್ತರದ ಹುಲ್ಲಿನಲ್ಲಿ ಮತ್ತು ಕಬ್ಬಿನ ಗದ್ದೆಗಳಲ್ಲಿ, ಕಬ್ಬಿನ ಗರಿಗಳನ್ನೂ ಬಳಸಿ, ಕೆಲವು ಜೋಡಿಗಳು ಹತ್ತಿರ ಹತ್ತಿರದಲ್ಲಿ ಗೂಡು ಕಟ್ಟುತ್ತವೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಉತ್ತರ ಮತ್ತು ಮಧ್ಯ ಭಾರತದಲ್ಲಿ ಕಬ್ಬು ಅರೆಯುವ ಹಂಗಾಮು ಆರಂಭವಾಗುವುದು ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ. ಹಸಿರು ರಾಟವಾಳ ಕಬ್ಬಿನಲ್ಲಿ ಗೂಡು ಕಟ್ಟುವ ಕಾಲವೂ ಕಬ್ಬು ಕಡಿಯುವ ಕಾಲವೂ ಹೀಗೆ ಒಂದರ ಮೇಲೊಂದು ಬರುತ್ತವೆ. ಬೆಳೆಗಾರನಿಗೆ ಕಾಣದಂತೆಯೇ ಗೂಡು ಕಟಾವಿನೊಡನೆ ನಾಶವಾಗಬಹುದು. ಬೇಗ ಗೂಡು ಕಟ್ಟಿ ಮರಿಗಳನ್ನು ಹಾರಿಸಿಬಿಟ್ಟ ಕೆಂಪು ರಾಟವಾಳದ ಜೋಡಿಗಳಿಗೆ ಈ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ.

ಒಂದು ನೋಟದಲ್ಲಿ ಹೋಲಿಕೆ

| ಅಂಶ | ಕೆಂಪು ರಾಟವಾಳ | ಹಸಿರು ರಾಟವಾಳ |
|---|---|---|
| ಉದ್ದ | ಸುಮಾರು 10 ಸೆಂ.ಮೀ. | ಸುಮಾರು 10 ಸೆಂ.ಮೀ. |
| ಮುಖ್ಯ ಗುರುತು | ಕೆಂಪು ಮೈ, ಬಿಳಿ ಚುಕ್ಕೆ (ಸಂತಾನ ಕಾಲದ ಗಂಡು) | ಹಸಿರು–ಹಳದಿ ಮೈ, ಪಕ್ಕೆಯಲ್ಲಿ ಪಟ್ಟೆ |
| ಸಹಜ ವ್ಯಾಪ್ತಿ | ದಕ್ಷಿಣ ಮತ್ತು ಆಗ್ನೇಯ ಏಷ್ಯಾ | ಭಾರತ ಮಾತ್ರ |
| ಹೊರದೇಶಗಳಲ್ಲಿ ನೆಲೆಸಿದ ಸಂತತಿ | ಹಲವು ಕಡೆ ಇದೆ | ಲಾಹೋರಿನ ಬಳಿ ಇದ್ದುದು ಉಳಿದಿಲ್ಲ |
| ಐಯುಸಿಎನ್ ವರ್ಗ | ಕಡಿಮೆ ಕಾಳಜಿಯ | ಅಪಾಯಕ್ಕೊಳಗಾಗಬಲ್ಲ |
| ಸೈಟೀಸ್ ಎರಡನೆಯ ಅನುಬಂಧ | ಸೇರಿಲ್ಲ | ಸೇರಿದೆ |

ಕೆಂಪು ಪಟ್ಟಿಯಲ್ಲಿನ ಸ್ಥಾನ ಮತ್ತು ಅದರ ಅರ್ಥ

ಐಯುಸಿಎನ್ ಕೆಂಪು ಪಟ್ಟಿಯ ವರ್ಗಗಳು ಒಂದು ಪ್ರಭೇದವು ಅಳಿದುಹೋಗುವ ಸಂಭವ ಎಷ್ಟು ಎಂಬುದನ್ನು ಅಳೆಯುತ್ತವೆ. ಅದಕ್ಕೆ ನಿರ್ದಿಷ್ಟ ಮಾನದಂಡಗಳಿವೆ. ಉದಾಹರಣೆಗೆ, ಹತ್ತು ವರ್ಷಗಳಲ್ಲಿ ಅಥವಾ ಮೂರು ತಲೆಮಾರುಗಳಲ್ಲಿ, ಇವೆರಡರಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ, ಸಂಖ್ಯೆ ಶೇಕಡ 30ರಷ್ಟಾದರೂ ಕುಸಿದಿದ್ದರೆ ಪ್ರಭೇದವು ‘ಅಪಾಯಕ್ಕೊಳಗಾಗಬಲ್ಲ’ ವರ್ಗಕ್ಕೆ ಬರಬಹುದು. ಪ್ರೌಢ ಹಕ್ಕಿಗಳ ಸಂಖ್ಯೆ 10,000ಕ್ಕಿಂತ ಕಡಿಮೆಯಿದ್ದು, ಅದು ಇಳಿಯುತ್ತಲೇ ಇದ್ದು, ಮತ್ತೆ ಕೆಲವು ನಿಬಂಧನೆಗಳು ಕೂಡಿಬಂದರೂ ಅದೇ ವರ್ಗ ದೊರೆಯುತ್ತದೆ. ಹಸಿರು ರಾಟವಾಳದ ವಿಷಯದಲ್ಲಿ ಮುಖ್ಯವಾದುದು ಈ ಎರಡನೆಯ ಬಗೆಯ ಕಾರಣ. ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಸಂಸ್ಥೆ ನೀಡಿರುವ ಒಂದು ಪ್ರಾಥಮಿಕ ಅಂದಾಜಿನಲ್ಲಿ ಇದರ ಪ್ರೌಢ ಹಕ್ಕಿಗಳ ಸಂಖ್ಯೆಯನ್ನು 6,000ದಿಂದ 15,000ದ ನಡುವೆ ಇರಿಸಲಾಗಿದೆ. ಒಂದು ದೇಶದ ಉದ್ದಗಲಕ್ಕೆ ಚದುರಿಹೋದ ಹಕ್ಕಿಗೆ ಇದು ಸಣ್ಣ ಸಂಖ್ಯೆಯೇ ಸರಿ.

‘ಕಡಿಮೆ ಕಾಳಜಿಯ’ ಎಂಬ ಮಾತನ್ನು ಹಲವರು ‘ಕಾಳಜಿ ಬೇಕಿಲ್ಲ’ ಎಂದು ಓದಿಕೊಳ್ಳುತ್ತಾರೆ. ಇದು ಸರಿಯಲ್ಲ. ಕೆಂಪು ರಾಟವಾಳ ಈ ವರ್ಗದಲ್ಲಿರುವುದು ಅದರ ವ್ಯಾಪ್ತಿ ಹಲವು ದೇಶಗಳಿಗೆ ಹಬ್ಬಿರುವುದರಿಂದ ಮತ್ತು ಒಟ್ಟು ಕುಸಿತವು ಮೇಲಿನ ಮಿತಿಗಳನ್ನು ಮುಟ್ಟಿಲ್ಲವೆಂದು ಭಾವಿಸಿರುವುದರಿಂದ. ಒಂದು ಜಿಲ್ಲೆಯ ಕೆರೆಯಂಚಿನಿಂದ ಅದು ಪೂರ್ತಿಯಾಗಿ ಮಾಯವಾದರೂ ಜಾಗತಿಕ ವರ್ಗ ಬದಲಾಗುವುದಿಲ್ಲ. ಹಸಿರು ರಾಟವಾಳದ ಒಂದು ನೆಲೆ ಬರಿದಾದರೆ ಮಾತ್ರ ಪ್ರಭೇದದ ಗಣನೀಯ ಭಾಗವೇ ಹೋದಂತಾಗುತ್ತದೆ. ಹಾನಿ ಒಂದೇ ಆದರೂ ಅದರ ತೂಕ ಬೇರೆ. ಎರಡು ಹಕ್ಕಿಗಳ ವರ್ಗಭೇದದ ತಿರುಳು ಇಷ್ಟೇ.

ಪಂಜರದ ವ್ಯಾಪಾರ

ಭಾರತದಲ್ಲಿ ದಾಖಲಾಗಿರುವ ಸುಮಾರು 1,300 ಹಕ್ಕಿ ಪ್ರಭೇದಗಳಲ್ಲಿ ಸರಿಸುಮಾರು 450 ಪ್ರಭೇದಗಳು ದೇಶೀಯ ಅಥವಾ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಕಂಡುಬಂದಿವೆಯೆಂದು ವನ್ಯಜೀವಿ ವ್ಯಾಪಾರದ ಮೇಲೆ ನಿಗಾ ಇಡುವ ಟ್ರಾಫಿಕ್ ಸಂಸ್ಥೆ ತಿಳಿಸಿದೆ. ಗಿಳಿಗಳೊಡನೆ ರಾಟವಾಳಗಳೂ ಈ ವ್ಯಾಪಾರದ ಪ್ರಮುಖ ಸರಕು. ಇದಕ್ಕೆ ಕಾರಣಗಳು ಸರಳ. ಹಕ್ಕಿ ಚಿಕ್ಕದು, ಸಾಗಿಸುವುದು ಸುಲಭ, ಮೇವು ಅಗ್ಗ, ಬೆಲೆ ಕಡಿಮೆಯಾದ್ದರಿಂದ ಕೊಳ್ಳುವವರು ಹೆಚ್ಚು. ಒಂದೊಂದು ಹಕ್ಕಿಯಿಂದ ಸಿಗುವ ಲಾಭ ಅಲ್ಪವಾದುದರಿಂದ ವ್ಯಾಪಾರಿಗೆ ಬೇಕಾಗುವುದು ದೊಡ್ಡ ಸಂಖ್ಯೆ.

ಹಿಡಿಯುವ ವಿಧಾನಗಳು ಹಳೆಯವು. ಮೇಯುವ ಜಾಗದಲ್ಲಿ ನೆಲಕ್ಕೆ ಹಾಸಿದ ಬಲೆಯನ್ನು ಹಗ್ಗ ಎಳೆದು ಮುಚ್ಚುವುದು, ಪಂಜರದಲ್ಲಿ ಒಂದು ಹಕ್ಕಿಯನ್ನಿಟ್ಟು ಅದರ ಕೂಗಿನಿಂದ ಉಳಿದವನ್ನು ಕರೆಯುವುದು, ಕಡ್ಡಿಗಳಿಗೆ ಅಂಟು ಸವರಿ ಇಡುವುದು ಇವು ಮುಖ್ಯವಾದವು. ಹಿಡಿದ ಹಕ್ಕಿಗಳನ್ನು ಇಕ್ಕಟ್ಟಾದ ಬುಟ್ಟಿ ಪಂಜರಗಳಲ್ಲಿ ತುಂಬಿ ಸಾಗಿಸುವಾಗ ಬಾಯಾರಿಕೆ, ಬಿಸಿಲು, ಗಾಬರಿಗಳಿಂದ ಬಹಳಷ್ಟು ಹಕ್ಕಿಗಳು ಸಾಯುತ್ತವೆ. ಆದುದರಿಂದ ಪೇಟೆಯಲ್ಲಿ ಕಾಣುವ ಸಂಖ್ಯೆ ಹಿಡಿದ ಸಂಖ್ಯೆಗಿಂತ ಯಾವಾಗಲೂ ಕಡಿಮೆ. ಮಾಸಲು ಬಣ್ಣದ ರಾಟವಾಳಗಳಿಗೆ ಕೃತಕ ಬಣ್ಣ ಹಚ್ಚಿ ಅಪರೂಪದ ಹಕ್ಕಿಯೆಂದು ಮಾರುವ ರೂಢಿಯೂ ಇದೆ. ಬಂಧಿತ ಹಕ್ಕಿಯನ್ನು ಹಣ ಕೊಟ್ಟು ಬಿಡಿಸಿದರೆ ಪುಣ್ಯವೆಂಬ ನಂಬಿಕೆಯಿಂದ ಕೊಳ್ಳುವವರೂ ಇದ್ದಾರೆ. ಆದರೆ ಹಾಗೆ ಕೊಟ್ಟ ಹಣವು ಮರುದಿನ ಮತ್ತೊಂದು ಗುಂಪಿಗೆ ಬಲೆ ಹಾಕಲು ಪ್ರೇರಣೆಯಾಗುತ್ತದೆ.

ಹಸಿರು ರಾಟವಾಳವು 19ನೆಯ ಶತಮಾನದ ಕೊನೆಯಿಂದಲೇ ಯೂರೋಪಿನಲ್ಲಿ ಬೇಡಿಕೆಯಿದ್ದ ಪಂಜರದ ಹಕ್ಕಿ. ವಿರಳವಾದಷ್ಟೂ ಬೆಲೆ ಏರುವುದು ಈ ವ್ಯಾಪಾರದ ಸ್ವಭಾವ. ಹೀಗಾಗಿ ಕೆಂಪು ರಾಟವಾಳ ಎಲ್ಲೆಡೆ ಸಿಗುತ್ತದೆಂಬ ಕಾರಣಕ್ಕೆ ಹಿಡಿಯಲ್ಪಟ್ಟರೆ, ಹಸಿರು ರಾಟವಾಳ ಅಪರೂಪವೆಂಬ ಕಾರಣಕ್ಕೆ ಹಿಡಿಯಲ್ಪಟ್ಟಿತು. ಅಮೆರಿಕ ಸಂಯುಕ್ತ ಸಂಸ್ಥಾನವು 1992ರ ಕಾಯಿದೆಯಿಂದ ಕಾಡು ಹಕ್ಕಿಗಳ ಆಮದನ್ನು ಬಿಗಿಗೊಳಿಸಿತು. ಯೂರೋಪಿಯನ್ ಒಕ್ಕೂಟವು ಹಕ್ಕಿಜ್ವರದ ಭಯದಿಂದ 2005ರಲ್ಲಿ ಹೇರಿದ ತಾತ್ಕಾಲಿಕ ನಿಷೇಧವನ್ನು 2007ರಲ್ಲಿ ಶಾಶ್ವತಗೊಳಿಸಿತು. ಈ ಎರಡು ಕ್ರಮಗಳಿಂದ ಪಾಶ್ಚಾತ್ಯ ಮಾರುಕಟ್ಟೆಗೆ ಕಾಡಿನ ಹಕ್ಕಿಗಳು ಹೋಗುವ ಅಧಿಕೃತ ದಾರಿ ಬಹುಮಟ್ಟಿಗೆ ಮುಚ್ಚಿಹೋಯಿತು. ದೇಶದೊಳಗಿನ ಬೇಡಿಕೆ ಮಾತ್ರ ಉಳಿದುಕೊಂಡಿತು.

ಕಾನೂನಿನ ರಕ್ಷಣೆ

ಭಾರತದಲ್ಲಿ ಈ ಎರಡೂ ಹಕ್ಕಿಗಳಿಗೆ ರಕ್ಷಣೆ ನೀಡುವುದು 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆ. ಈ ಕಾಯಿದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಲ್ಲುವುದೆಂಬ ಅರ್ಥ ಮಾತ್ರವಲ್ಲ, ಹಿಡಿಯುವುದು, ಬಲೆ ಒಡ್ಡುವುದು, ಮೊಟ್ಟೆ ಹಾಗೂ ಗೂಡುಗಳಿಗೆ ಹಾನಿ ಮಾಡುವುದು ಎಂಬ ಅರ್ಥಗಳೂ ಇವೆ. ಮೊದಲು ರಾಟವಾಳಗಳು ಕಾಯಿದೆಯ ನಾಲ್ಕನೆಯ ಅನುಸೂಚಿಯಲ್ಲಿದ್ದವು. ಆರಂಭದ ವರ್ಷಗಳಲ್ಲಿ ಅನುಮತಿ ಪಡೆದು ಇಂಥ ಹಕ್ಕಿಗಳನ್ನು ಹಿಡಿಯಲು, ಮಾರಲು ಅವಕಾಶವಿತ್ತು. 1990–91ರಿಂದ ಭಾರತದ ಕಾಡು ಹಕ್ಕಿಗಳ ವ್ಯಾಪಾರ ನಿಷಿದ್ಧವಾಗಿದೆ. ಹೀಗಾಗಿ ಇಂದು ಪಂಜರದಲ್ಲಿಟ್ಟು ಮಾರುವ ಕೆಂಪು ಅಥವಾ ಹಸಿರು ರಾಟವಾಳ ಯಾವ ಸಂತೆಯಲ್ಲಿ ಕಂಡುಬಂದರೂ ಅದು ಕಾನೂನುಬಾಹಿರ. ಆಫ್ರಿಕಾ, ಆಸ್ಟ್ರೇಲಿಯಾ ಮೂಲದ ಫಿಂಚ್‌ಗಳು ಬೇರೆ, ನಮ್ಮ ನೆಲದ ರಾಟವಾಳಗಳು ಬೇರೆ ಎಂಬುದು ಕೊಳ್ಳುವ ಬಹುಮಂದಿಗೆ ತಿಳಿದಿರುವುದಿಲ್ಲ. ಈ ಅಜ್ಞಾನವೂ ವ್ಯಾಪಾರಕ್ಕೆ ನೆರವಾಗುತ್ತದೆ.

2022ರಲ್ಲಿ ಸಂಸತ್ತು ಈ ಕಾಯಿದೆಗೆ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಆರು ಅನುಸೂಚಿಗಳು ನಾಲ್ಕಕ್ಕೆ ಇಳಿದವು. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟೀಸ್‌ನ ಅನುಬಂಧಗಳಲ್ಲಿರುವ ಜೀವಿಗಳಿಗೆ ಹೊಸದೊಂದು ಅನುಸೂಚಿ ಮೀಸಲಾಯಿತು. ಸಾಮಾನ್ಯ ಅಪರಾಧಗಳಿಗೆ ಗರಿಷ್ಠ ದಂಡವು 25 ಸಾವಿರ ರೂಪಾಯಿಯಿಂದ 1 ಲಕ್ಷ ರೂಪಾಯಿಗೆ ಏರಿತು. ಸೈಟೀಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಹಸಿರು ರಾಟವಾಳವಿದೆ. ಆದ್ದರಿಂದ ಅದನ್ನು ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಅಗತ್ಯ. ಆ ಅನುಬಂಧದಲ್ಲಿ ಕೆಂಪು ರಾಟವಾಳವಿಲ್ಲ.

ಕಾನೂನು ಹೀಗೆ ಬಿಗಿಯಾಗಿದ್ದರೂ ಅದರ ಅನುಷ್ಠಾನದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಗುರುತಿಸುವ ತೊಡಕು. ಒಂದೇ ಪಂಜರದಲ್ಲಿ ನೂರು ರಾಟವಾಳಗಳಿದ್ದರೆ, ಬಣ್ಣ ಬದಲಾದ ಗಂಡು, ಮಾಸಲು ಹೆಣ್ಣು, ಮರಿ, ಬಣ್ಣ ಹಚ್ಚಿದ ಹಕ್ಕಿ ಇವುಗಳಲ್ಲಿ ಯಾವುದು ಯಾವ ಪ್ರಭೇದವೆಂದು ಹೇಳಲು ತರಬೇತಿ ಬೇಕು. ಎರಡನೆಯದು, ಜೀವನೋಪಾಯದ ಪ್ರಶ್ನೆ. ಹಕ್ಕಿ ಹಿಡಿಯುವುದನ್ನೇ ತಲೆಮಾರುಗಳಿಂದ ಕಸುಬಾಗಿ ಮಾಡಿಕೊಂಡಿರುವ ಭೂಹೀನ ಸಮುದಾಯಗಳು ಉತ್ತರ ಮತ್ತು ಮಧ್ಯ ಭಾರತದಲ್ಲಿವೆ. ನಿಷೇಧ ಬಂದಾಗ ಅವರ ಕಸುಬು ಅಪರಾಧವಾಯಿತು, ಆದರೆ ಬದಲಿ ಕಸುಬು ಎಲ್ಲರಿಗೂ ದೊರೆಯಲಿಲ್ಲ. ಬಲೆಗಾರನಿಗೆ ಸಿಗುವ ಹಣ ಅಲ್ಪ, ಹೆಚ್ಚಿನ ಲಾಭ ಮಧ್ಯವರ್ತಿಗೆ. ದಾಳಿಯಲ್ಲಿ ಸಿಕ್ಕಿಬೀಳುವವನು ಮಾತ್ರ ಬಹುಮಟ್ಟಿಗೆ ಬಲೆಗಾರನೇ. ಹಕ್ಕಿ ಹಿಡಿಯುವವರ ಕ್ಷೇತ್ರಜ್ಞಾನವನ್ನು ಸಮೀಕ್ಷೆ, ಕಾವಲು, ಪ್ರವಾಸಿ ಮಾರ್ಗದರ್ಶನಗಳಿಗೆ ಬಳಸಿಕೊಳ್ಳಬೇಕೆಂಬ ವಾದ ಸಂರಕ್ಷಣಾ ವಲಯದಲ್ಲಿ ಬಹಳ ಕಾಲದಿಂದಿದೆ.

ನೆಲೆಯ ನಾಶ

ವ್ಯಾಪಾರ ಪೂರ್ತಿಯಾಗಿ ನಿಂತರೂ ಹಸಿರು ರಾಟವಾಳದ ಸಂಕಷ್ಟ ಕೊನೆಗೊಳ್ಳುವುದಿಲ್ಲ. ಇದು ದಟ್ಟ ಕಾಡಿನ ಹಕ್ಕಿಯಲ್ಲ. ಹುಲ್ಲು, ಪೊದೆ, ಹೊಲದ ಬದು, ನೀರಿನ ಒರತೆ ಇವು ಬೆರೆತ ಜಾಗವೇ ಇದರ ಆಶ್ರಯ. ಇಂಥ ಜಾಗಗಳು ಕಂದಾಯ ದಾಖಲೆಗಳಲ್ಲಿ ಹಲವು ವೇಳೆ ಬಂಜರು ಅಥವಾ ಪಾಳು ಎಂದು ನಮೂದಾಗಿರುತ್ತವೆ. ಪಾಳು ಎಂದು ನಮೂದಾದ ನೆಲವನ್ನು ಕಟ್ಟಡಕ್ಕೋ ನೆಡುತೋಪಿಗೋ ಕೈಗಾರಿಕೆಗೋ ಕೊಡುವುದು ಸುಲಭ. ಬೀಜ ಬಿಡುವ ಮೊದಲೇ ಹುಲ್ಲನ್ನು ಕತ್ತರಿಸುವುದು, ಕಳೆನಾಶಕ ಸಿಂಪಡಿಸುವುದು, ಬದುಗಳನ್ನು ಕಿತ್ತು ಹೊಲವನ್ನು ವಿಸ್ತರಿಸುವುದು ಇವೆಲ್ಲ ಹಕ್ಕಿಯ ಮೇವನ್ನೂ ಗೂಡಿನ ಜಾಗವನ್ನೂ ಕಸಿಯುತ್ತವೆ.

ಅಬು ಪರ್ವತದಲ್ಲಿ 1960ರಿಂದ ವನ್ಯಜೀವಿ ಅಭಯಾರಣ್ಯವಿದೆ. ಆದರೆ ಹಕ್ಕಿ ಮೇಯುವುದು ಗ್ರಾಮಗಳ ಹೊಲಗಳಂಚಿನಲ್ಲಿಯೂ ಹೌದು. ಗಿರಿಧಾಮವಾಗಿ ಆ ಊರು ಬೆಳೆಯುತ್ತಿರುವಾಗ ಈ ಅಂಚಿನ ನೆಲದ ಮೇಲೆ ಒತ್ತಡ ಹೆಚ್ಚು. ಅಲ್ಲಿ ಹಸಿರು ರಾಟವಾಳಗಳು ಲಂಟಾನ ಪೊದೆಗಳಲ್ಲಿಯೂ ಆಶ್ರಯ ಪಡೆಯುತ್ತವೆ. ಲಂಟಾನ ಅಮೆರಿಕ ಖಂಡದಿಂದ ಬಂದು ಭಾರತದ ಕಾಡುಗಳನ್ನು ಆವರಿಸಿಕೊಂಡಿರುವ ಆಕ್ರಮಣಕಾರಿ ಗಿಡ. ಅದನ್ನು ತೆಗೆದುಹಾಕುವುದು ಸಾಮಾನ್ಯವಾಗಿ ಒಳ್ಳೆಯ ಕೆಲಸವೇ. ಆದರೆ ಸ್ಥಳೀಯ ಹುಲ್ಲು ಮತ್ತು ಪೊದೆಗಳನ್ನು ಮೊದಲು ಬೆಳೆಸದೆ ಒಮ್ಮೆಲೇ ತೆಗೆದರೆ, ಅಪರೂಪದ ಹಕ್ಕಿಯೊಂದರ ಕೊನೆಯ ಮರೆಯೂ ಹೋಗಬಹುದು.

ಕೆಂಪು ರಾಟವಾಳಕ್ಕೂ ಇದೇ ನೆಲೆನಾಶ ತಟ್ಟುತ್ತದೆ. ಆದರೆ ಕಾಲುವೆಯ ಜೊಂಡು, ಹೂಳು ತುಂಬಿದ ಕೆರೆ, ಭತ್ತದ ಗದ್ದೆಯ ಅಂಚು ಇಂಥ ಹೊಸ ಜಾಗಗಳಿಗೆ ಅದು ಹೊಂದಿಕೊಳ್ಳಬಲ್ಲದು. ಒಂದು ಕಡೆ ಕಳೆದುಕೊಂಡುದನ್ನು ಮತ್ತೊಂದು ಕಡೆ ಪಡೆಯುವ ಅವಕಾಶ ಅದಕ್ಕಿದೆ.

ವಶಪಡಿಸಿಕೊಂಡ ಹಕ್ಕಿಗಳ ಬಿಡುಗಡೆ

ಅಧಿಕಾರಿಗಳು ದಾಳಿಯಲ್ಲಿ ವಶಪಡಿಸಿಕೊಂಡ ರಾಟವಾಳಗಳನ್ನು ಹತ್ತಿರದ ಕಾಡಿನಲ್ಲಿಯೋ ಕೆರೆಯ ಬಳಿಯೋ ಹಾರಿಬಿಡುವುದು ವಾಡಿಕೆ. ಕೆಂಪು ರಾಟವಾಳವನ್ನು ಆರೋಗ್ಯ ತಪಾಸಣೆಯ ಬಳಿಕ ದೇಶದ ಬಹುಭಾಗದ ಹುಲ್ಲುಗಾವಲುಗಳಲ್ಲಿ ಬಿಡಬಹುದು. ಹಸಿರು ರಾಟವಾಳವನ್ನು ಹಾಗೆ ಬಿಟ್ಟರೆ ಅದು ತನ್ನ ಜೋಡಿಯಿಲ್ಲದ, ತನ್ನ ನೆಲೆಯಲ್ಲದ ಊರಿನಲ್ಲಿ ಉಳಿದುಬಿಡುತ್ತದೆ. ಸಂರಕ್ಷಣೆಯ ದೃಷ್ಟಿಯಿಂದ ಅದು ಸತ್ತಂತೆಯೇ ಸರಿ. ಅಷ್ಟೇ ಅಲ್ಲ, ಹಾಗೆ ಬಿಟ್ಟ ಹಕ್ಕಿಯನ್ನು ಯಾರಾದರೂ ಕಂಡು ದಾಖಲಿಸಿದರೆ ಪ್ರಭೇದದ ನಕ್ಷೆಯೂ ತಪ್ಪಾಗುತ್ತದೆ. ನಗರಗಳ ಸಮೀಪದ ಹಳೆಯ ದಾಖಲೆಗಳಲ್ಲಿ ಕಾಡಿನ ಹಕ್ಕಿ ಯಾವುದು, ಪಂಜರದಿಂದ ತಪ್ಪಿಸಿಕೊಂಡದ್ದು ಯಾವುದು ಎಂದು ಬಿಡಿಸುವುದು ಇಂದಿಗೂ ಸಂಶೋಧಕರಿಗೆ ಕಷ್ಟವಾಗಿರುವುದು ಇದೇ ಕಾರಣಕ್ಕೆ.

ಕರ್ನಾಟಕದಲ್ಲಿ

ಹಸಿರು ರಾಟವಾಳದ ನೆಲೆಗೊಂಡ ಸಂತತಿ ಕರ್ನಾಟಕದಲ್ಲಿಲ್ಲ. ಕೆಂಪು ರಾಟವಾಳವು ರಾಜ್ಯದ ಕೆರೆಯಂಚುಗಳಲ್ಲಿ, ಜೊಂಡಿನ ಹಾಸುಗಳಲ್ಲಿ, ನೀರಾವರಿ ಪ್ರದೇಶದ ಗದ್ದೆಗಳಲ್ಲಿ ಮತ್ತು ಹುಲ್ಲುಗಾವಲುಗಳಲ್ಲಿ ಕಂಡುಬರುತ್ತದೆ. ಬೆಂಗಳೂರಿನ ವಾಯವ್ಯಕ್ಕಿರುವ ಹೆಸರಘಟ್ಟದ ಹುಲ್ಲುಗಾವಲು ಅದನ್ನು ನೋಡಬಹುದಾದ ತಾಣಗಳಲ್ಲೊಂದು. ಈ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿಸುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿಯು 2021ರಲ್ಲಿ ತಿರಸ್ಕರಿಸಿತ್ತು. ಬಳಿಕ ನಡೆದ ಚರ್ಚೆ ಹಾಗೂ ನ್ಯಾಯಾಲಯದ ಹೋರಾಟಗಳ ತರುವಾಯ, 2024ರಲ್ಲಿ ಐದು ಸಾವಿರ ಎಕರೆಗೂ ಮಿಗಿಲಾದ ಪ್ರದೇಶವನ್ನು ಮೀಸಲು ಪ್ರದೇಶವಾಗಿ ಘೋಷಿಸಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಮರಗಳಿಲ್ಲದ ನೆಲಕ್ಕೂ ಜೀವವೈವಿಧ್ಯದ ಬೆಲೆಯಿದೆ ಎಂಬ ಮಾತಿಗೆ ಇದರಿಂದ ಮನ್ನಣೆ ದೊರೆತಂತಾಯಿತು. ಕೆಂಪು ರಾಟವಾಳದಂಥ ‘ಕಡಿಮೆ ಕಾಳಜಿಯ’ ಹಕ್ಕಿಯ ಹೆಸರಿನಲ್ಲಿಯೇ ಇಂಥ ರಕ್ಷಣೆ ಸಿಗುವುದು ಕಷ್ಟ. ಆದರೆ ನೆಲೆಗೆ ರಕ್ಷಣೆ ಸಿಕ್ಕರೆ ಅದರ ಫಲ ಆ ಹಕ್ಕಿಗೂ ದಕ್ಕುತ್ತದೆ.

ಎಣಿಕೆಯ ತೊಡಕು ಮತ್ತು ಪ್ರಸ್ತುತ ಸ್ಥಿತಿ

ಸುಮಾರು 30,000 ಹಕ್ಕಿವೀಕ್ಷಕರು ದಾಖಲಿಸಿದ ಮೂರು ಕೋಟಿಯಷ್ಟು ವೀಕ್ಷಣೆಗಳನ್ನು ಆಧರಿಸಿ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ 2023’ ಎಂಬ ವರದಿ ಪ್ರಕಟವಾಯಿತು. ಅದರಲ್ಲಿ 942 ಪ್ರಭೇದಗಳನ್ನು ಪರಿಶೀಲಿಸಲಾಗಿದ್ದು, ದೀರ್ಘಾವಧಿಯ ಏರಿಳಿತವನ್ನು ನಿರ್ಣಯಿಸಲು ಸಾಧ್ಯವಾದುದು 338 ಪ್ರಭೇದಗಳಿಗೆ ಮಾತ್ರ. ಅವುಗಳಲ್ಲಿ ಸುಮಾರು ಶೇಕಡ 60ರಷ್ಟು ಇಳಿಮುಖವಾಗಿವೆ. ಹುಲ್ಲುಗಾವಲು ಮತ್ತು ಬಯಲು ಪ್ರದೇಶಗಳನ್ನೇ ನಂಬಿರುವ ಹಕ್ಕಿಗಳ ಸ್ಥಿತಿ ವಿಶೇಷವಾಗಿ ಚಿಂತಾಜನಕವೆಂದು ವರದಿ ತಿಳಿಸಿದೆ.

ವಿರಳವಾಗಿ, ಚದುರಿದಂತೆ ಕಾಣುವ ಹಕ್ಕಿಗಳ ವಿಷಯದಲ್ಲಿ ಇಂಥ ಜನಸಹಭಾಗಿ ಸಮೀಕ್ಷೆಗಳಿಗೂ ಮಿತಿಯಿದೆ. ವೀಕ್ಷಕರು ಹೆಚ್ಚಾಗಿ ಹೋಗುವುದು ಹೆಸರಾಂತ ತಾಣಗಳಿಗೆ. ಅಬು ಪರ್ವತದಲ್ಲಿ ಹಸಿರು ರಾಟವಾಳವನ್ನು ಕಂಡವರು ನೂರಾರು ಮಂದಿ. ಮಧ್ಯ ಭಾರತದ ಯಾವುದೋ ಕಬ್ಬಿನ ಗದ್ದೆಯಲ್ಲಿ ಗೂಡು ಕಟ್ಟುವ ಸಣ್ಣ ಗುಂಪನ್ನು ಕಂಡವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂಥ ಒಂದು ಗುಂಪು ಬಲೆಗೋ ಕಟಾವಿಗೋ ಬಲಿಯಾಗಿ ಮರೆಯಾದರೆ ಅದು ಯಾವ ಅಂಕಿಅಂಶದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಹಸಿರು ರಾಟವಾಳಕ್ಕೆ ತುರ್ತಾಗಿ ಬೇಕಾಗಿರುವುದು ಉಳಿದಿರುವ ನೆಲೆಗಳ ಕ್ರಮಬದ್ಧ ಸಮೀಕ್ಷೆ, ಆ ನೆಲೆಗಳ ಹೊಲದಂಚು ಹಾಗೂ ಹುಲ್ಲುಗಾವಲುಗಳ ರಕ್ಷಣೆ, ಮತ್ತು ಪಕ್ಷಿ ಸಂತೆಗಳ ಮೇಲೆ ತಪ್ಪದ ನಿಗಾ. ಕೆಂಪು ರಾಟವಾಳಕ್ಕೆ ಬೇಕಾಗಿರುವುದೂ ಬಹುಮಟ್ಟಿಗೆ ಇವೇ. ಎರಡೂ ಮೇಯುವುದು ಒಂದೇ ಬಗೆಯ ಹುಲ್ಲನ್ನು, ಎರಡಕ್ಕೂ ಬೀಳುವುದು ಒಂದೇ ಬಲೆ. ಹಸಿರು ರಾಟವಾಳದ ಉಳಿದ ನೆಲೆಗಳು ಬೆರಳೆಣಿಕೆಗೆ ಬಂದಿರುವುದರಿಂದ, ಅಲ್ಲಿ ನಡೆಯುವ ತಪ್ಪನ್ನು ತಿದ್ದಿಕೊಳ್ಳಲು ಸಿಗುವ ಕಾಲಾವಕಾಶ ಮಾತ್ರ ಬಹಳ ಕಡಿಮೆ.